ಕಳಿಸಿಬಿಟ್ಟ ತಮಾಷೆಯನ್ನು ವಾಪಸ್ ತರಬಹುದೇ? ಮೆಸೇಜಿಂಗ್ ಆ್ಯಪ್‌ಗಳ ಡಿಲೀಟ್, ಎಡಿಟ್, ಶೆಡ್ಯೂಲ್ ಸೌಲಭ್ಯಗಳ ವಿಮರ್ಶೆ

ಗೆಳೆಯರ ಗ್ರೂಪಿನಲ್ಲಿ ಒಬ್ಬಳು ಬರೆಯುತ್ತಾಳೆ: "ಈ ಸಲದ ಇಂಟರ್‌ವ್ಯೂನೂ ಕೈಕೊಡ್ತು ಕಣ್ರೋ." ಅರ್ಧ ನಿಮಿಷವೂ ಆಗಿಲ್ಲ, ಇನ್ನೊಬ್ಬ ತಡೆಯಲಾರದೆ ಹಾಕಿಬಿಡುತ್ತಾನೆ: "ಬಿಡು, ಒಂದು ಕಂಪನಿ ಬಚಾವಾಯ್ತು." ಮಾತೇನೋ ಚುರುಕಾಗಿದೆ, ನಾಲ್ಕು ಜನ ನಗುತ್ತಾರೆ ಕೂಡ. ಯಾರಿಗೆ ಹೇಳಿದ್ದೋ ಅವಳು ಮಾತ್ರ ಆಮೇಲೆ ಆ ಗ್ರೂಪಿನಲ್ಲಿ ತುಟಿ ಬಿಚ್ಚುವುದಿಲ್ಲ.

ಎದುರೆದುರು ಕೂತಿದ್ದರೆ ಅವಳ ಮುಖ ಸಪ್ಪಗಾದದ್ದು ಕಂಡೇ ಅರ್ಧ ಮಾತು ಗಂಟಲಲ್ಲಿ ನಿಲ್ಲುತ್ತಿತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ. ಅದರ ಬದಲಿಗೆ ಆ್ಯಪ್‌ಗಳು ಕೊಟ್ಟಿರುವುದು ಒಂದಿಷ್ಟು ಬಟನ್‌ಗಳನ್ನು. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್, ಆ್ಯಪಲ್‌ನ ಐಮೆಸೇಜ್, ಜೊತೆಗೆ ಜಿಮೇಲ್: ಇವುಗಳ ಬಟನ್‌ಗಳನ್ನು ಇಲ್ಲಿ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ನಾಲಿಗೆ ತುರಿಕೆ ಮತ್ತು ಸ್ನೇಹ ಎದುರುಬದುರಾದಾಗ ಯಾವ ಬಟನ್ ಸ್ನೇಹದ ಕಡೆ ನಿಲ್ಲುತ್ತದೆ? ಕರೆಯ ಗುಣಮಟ್ಟ, ಬ್ಯಾಕಪ್, ಥೀಮು ಇವೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳಿಸಿದ ಮೇಲೆ ಕೆಲಸ ಮಾಡುವ ಸೌಲಭ್ಯಗಳು ಹೆಸರಿನಲ್ಲಿ ದೊಡ್ಡವು, ಕೆಲಸದಲ್ಲಿ ಸಣ್ಣವು. ಕಳಿಸುವ ಮೊದಲು ಒಂದಿಷ್ಟು ಹೊತ್ತು ಹಿಡಿದಿಡುವ ಸೌಲಭ್ಯಗಳೇ ನಿಜಕ್ಕೂ ಉಪಯೋಗಕ್ಕೆ ಬರುವಂಥವು. ಅವನ್ನು ಬಳಸುವವರೇ ಕಡಿಮೆ.

ಡಿಲೀಟ್ ಫಾರ್ ಎವರಿಒನ್: 5ಕ್ಕೆ 2

ವಾಟ್ಸ್‌ಆ್ಯಪ್‌ನಲ್ಲಿ ಇದು ಬಂದದ್ದು 2017ರಲ್ಲಿ. ಆಗ ಸಿಗುತ್ತಿದ್ದ ಗಡುವು ಬರೀ 7 ನಿಮಿಷ. ಮರುವರ್ಷ ಅದು ಒಂದು ಗಂಟೆಯ ಮೇಲಾಯಿತು, 2022ರ ಆಗಸ್ಟ್‌ನಲ್ಲಿ ಎರಡು ದಿನಕ್ಕಿಂತ ತುಸು ಹೆಚ್ಚಾಯಿತು. ಗಡುವು ಹಿಗ್ಗಿದಷ್ಟೂ ಜನರಿಗೆ ಧೈರ್ಯ ಬಂದಿದೆ: ಈಗ ಹಾಕೋಣ, ಬೇಡವೆನಿಸಿದರೆ ಆಮೇಲೆ ತೆಗೆಯೋಣ. ಎಡವುವುದು ಇಲ್ಲೇ. ತಮಾಷೆ ನಾಟುವುದಕ್ಕೆ ಎರಡು ದಿನ ಬೇಕಿಲ್ಲ, ಸ್ಕ್ರೀನಿನ ಮೇಲೆ ನೋಟಿಫಿಕೇಶನ್ ಮಿನುಗಿದ ಎರಡು ಸೆಕೆಂಡು ಸಾಕು.

ಬಳಸುವ ಕ್ರಮ ಸರಳ. ಮೆಸೇಜನ್ನು ಒತ್ತಿ ಹಿಡಿಯಬೇಕು, ಕಸದ ಬುಟ್ಟಿಯ ಚಿಹ್ನೆ ಮುಟ್ಟಬೇಕು, ಬರುವ ಆಯ್ಕೆಗಳಲ್ಲಿ "ಡಿಲೀಟ್ ಫಾರ್ ಎವರಿಒನ್" ಆರಿಸಬೇಕು. ಕೈತಪ್ಪುವುದು ಈ ಕೊನೆಯ ಹೆಜ್ಜೆಯಲ್ಲಿ. ಪಕ್ಕದಲ್ಲೇ "ಡಿಲೀಟ್ ಫಾರ್ ಮಿ" ಇರುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಿದರೆ ಮೆಸೇಜ್ ನಮ್ಮ ಫೋನಿನಿಂದ ಮಾತ್ರ ಮಾಯ. ಉಳಿದವರೆಲ್ಲರ ಫೋನಿನಲ್ಲಿ ಆರಾಮಾಗಿ ಕೂತಿರುತ್ತದೆ, ಅದನ್ನು ಅಳಿಸುವ ದಾರಿಯೂ ನಮಗೆ ಮುಚ್ಚಿಹೋಗುತ್ತದೆ. ಇದಕ್ಕೆಂದೇ 2022ರ ಡಿಸೆಂಬರ್‌ನಲ್ಲಿ ಒಂದು "ಅನ್‌ಡೂ" ಕೊಟ್ಟರು. ಅದು ಸ್ಕ್ರೀನಿನ ತಳದಲ್ಲಿ 5 ಸೆಕೆಂಡು ಮಾತ್ರ ಇರುತ್ತದೆ. ಅದು ಕಂಡ ತಕ್ಷಣ ಮುಟ್ಟಿ ಮೆಸೇಜನ್ನು ವಾಪಸ್ ತಂದುಕೊಳ್ಳಿ, ಆಮೇಲೆ ಸರಿಯಾದ ಆಯ್ಕೆ ಒತ್ತಿ.

ಸರಿಯಾಗಿ ಅಳಿಸಿದರೂ ಮೂರು ಕಡೆ ಸೋರುತ್ತದೆ. ಮೊದಲನೆಯದು, ಮೆಸೇಜ್ ಹೋದ ಜಾಗದಲ್ಲಿ "ಇದನ್ನು ಅಳಿಸಲಾಗಿದೆ" ಎಂಬ ಬೂದು ಸಾಲು ಉಳಿಯುತ್ತದೆ. ಗ್ರೂಪಿನಲ್ಲಿ ಅದರಷ್ಟು ಕುತೂಹಲ ಹುಟ್ಟಿಸುವ ಸಾಲು ಇನ್ನೊಂದಿಲ್ಲ. "ಏನೋ ಹಾಕಿದ್ದೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ನೋಡಿದವರು ಹೇಳಿಯೇ ಹೇಳುತ್ತಾರೆ. ಎರಡನೆಯದು, ಅಷ್ಟರಲ್ಲಿ ಯಾರಾದರೂ ಆ ಮೆಸೇಜನ್ನೇ ಹಿಡಿದು ಉತ್ತರ ಕೊಟ್ಟಿದ್ದರೆ ಅವರ ಉತ್ತರದ ಮೇಲಿನ ಚಿಕ್ಕ ಪೆಟ್ಟಿಗೆಯಲ್ಲಿ ನಮ್ಮ ಮಾತು ಹಾಗೇ ಇರುತ್ತದೆ. ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಆಂಡ್ರಾಯ್ಡ್ 11ರಿಂದೀಚೆಗೆ ಸೆಟ್ಟಿಂಗ್ಸ್‌ನಲ್ಲಿ "ನೋಟಿಫಿಕೇಶನ್ ಹಿಸ್ಟರಿ" ಎಂಬುದಿದೆ. ಆನ್ ಮಾಡಿಟ್ಟುಕೊಂಡವರಿಗೆ ಕಳೆದ 24 ಗಂಟೆಯಲ್ಲಿ ಬಂದ ನೋಟಿಫಿಕೇಶನ್‌ಗಳ ಪಠ್ಯ ಅಲ್ಲಿ ಸಿಗುತ್ತದೆ, ಮೆಸೇಜ್ ಅಳಿಸಿದ್ದರೂ. ಇದರ ಜೊತೆಗೆ, ಅಳಿಸುವಿಕೆ ಎಲ್ಲರ ಫೋನಿನಲ್ಲೂ ನಡೆಯಿತೋ ಇಲ್ಲವೋ ಎಂದು ವಾಟ್ಸ್‌ಆ್ಯಪ್ ನಮಗೆ ತಿಳಿಸುವುದೂ ಇಲ್ಲ. ಐಫೋನಿನಲ್ಲಿ ಫೋಟೋಗಳು ತಾವಾಗಿ ಗ್ಯಾಲರಿಗೆ ಇಳಿಯುವಂತೆ ಇಟ್ಟುಕೊಂಡಿದ್ದರೆ ನಮ್ಮ ಕಿಡಿಗೇಡಿ ಮೀಮ್ ಅಲ್ಲಿ ಉಳಿದಿರಲೂಬಹುದು.

ಹಾಗಾದರೆ ಯಾವಾಗ ಅಳಿಸಬೇಕು? ಗ್ರೂಪಿನಲ್ಲಿ ಮೆಸೇಜ್ ಒತ್ತಿ ಹಿಡಿದು "ಇನ್ಫೋ" ನೋಡಿದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಪಟ್ಟಿ ಬರುತ್ತದೆ. ನೀಲಿ ಗೆರೆ ಆಫ್ ಮಾಡಿಕೊಂಡವರ ಹೆಸರೂ ಗ್ರೂಪಿನ ಪಟ್ಟಿಯಲ್ಲಿ ಕಾಣುತ್ತದೆ, ಏಕೆಂದರೆ ಆ ಸೆಟ್ಟಿಂಗ್ ಗ್ರೂಪಿಗೆ ಅನ್ವಯಿಸುವುದಿಲ್ಲ. ಓದಿದವರ ಪಟ್ಟಿ ಖಾಲಿಯಿದ್ದರೆ ತಡಮಾಡದೆ ಅಳಿಸಿ. ಆದರೂ ನೆನಪಿರಲಿ, ಲಾಕ್ ಸ್ಕ್ರೀನಿನಲ್ಲೋ ಕೈಗಡಿಯಾರದಲ್ಲೋ ಓದಿದವರು ಈ ಪಟ್ಟಿಗೆ ಸೇರುವುದಿಲ್ಲ. ಯಾರನ್ನು ಕಿಚಾಯಿಸಿದ್ದೇವೋ ಅವರೇ ಓದಿಯಾಗಿದ್ದರೆ ಅಳಿಸುವ ಆತುರ ಬೇಡ. ಮೊದಲು ಅವರಿಗೆ ಬೇರೆಯಾಗಿ ಬರೆಯಬೇಕು, ಆಮೇಲೆ ಗ್ರೂಪಿನದು. ಓದಿದವರ ಕಣ್ಣೆದುರೇ ಮಾತು ಕಾಣೆಯಾದರೆ ಅದು ತಪ್ಪೊಪ್ಪಿಗೆಯಂತೆ ಕಾಣದೆ ಸಾಕ್ಷ್ಯ ಒರೆಸಿದಂತೆ ಕಾಣುತ್ತದೆ.

ಗ್ರೂಪ್ ಅಡ್ಮಿನ್‌ಗೆ ಬೇರೆಯವರ ಮೆಸೇಜನ್ನೂ ಅಳಿಸುವ ಅಧಿಕಾರ 2022ರಿಂದ ಇದೆ. ಗೆಳೆಯರ ಗ್ರೂಪಿನಲ್ಲಿ ಇದನ್ನು ಬಳಸದಿರುವುದೇ ವಾಸಿ. ಅಡ್ಮಿನ್ ಅಳಿಸಿದ್ದು ಎಂದು ಎಲ್ಲರಿಗೂ ಕಾಣುವುದರಿಂದ ಇಬ್ಬರ ನಡುವಿನ ಮುನಿಸು ಪಂಚಾಯಿತಿಯಾಗಿಬಿಡುತ್ತದೆ. ಆ ಮಿತ್ರನಿಗೇ ಒಂದು ಸಾಲು ಬರೆದು "ಅದನ್ನ ತೆಗೆದುಬಿಡೋ ಮಾರಾಯ" ಎಂದರೆ ಸಾಕು.

ಉಳಿದ ಆ್ಯಪ್‌ಗಳಲ್ಲಿ ಟೆಲಿಗ್ರಾಂ ಒಂದು ಹೆಜ್ಜೆ ಮುಂದೆ. ಇಬ್ಬರ ನಡುವಿನ ಚಾಟಿನಲ್ಲಿ ಎಷ್ಟು ಹಳೆಯ ಮೆಸೇಜನ್ನಾದರೂ ಎರಡೂ ಕಡೆಯಿಂದ ತೆಗೆಯಬಹುದು, ಬೂದು ಸಾಲೂ ಉಳಿಯುವುದಿಲ್ಲ. ಐಮೆಸೇಜ್‌ನಲ್ಲಿ "ಅನ್‌ಡೂ ಸೆಂಡ್" ಸಿಗುವುದು 2 ನಿಮಿಷ ಮಾತ್ರ. ಎದುರಿನವರ ಫೋನಿನಲ್ಲಿ ಐಒಎಸ್ 16ಕ್ಕಿಂತ ಹಳೆಯದಿದ್ದರೆ ನಮ್ಮ ಕಡೆ ಹೋದದ್ದು ಅವರ ಕಡೆ ಹಾಗೇ ಇರುತ್ತದೆ. ನೋಡದಿದ್ದವರ ಮಟ್ಟಿಗೆ ಟೆಲಿಗ್ರಾಂನದು ಅಚ್ಚುಕಟ್ಟು. ನೋಡಿದವರ ಮಟ್ಟಿಗೆ ಎಲ್ಲವೂ ಒಂದೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಎಡಿಟ್: 5ಕ್ಕೆ 1.5

ವಾಟ್ಸ್‌ಆ್ಯಪ್ 2023ರ ಮೇ ತಿಂಗಳಲ್ಲಿ ಇದನ್ನು ತಂದಿತು, ಗಡುವು 15 ನಿಮಿಷ. ಐಮೆಸೇಜ್‌ನಲ್ಲೂ 15 ನಿಮಿಷ, ಐದು ಸಲದವರೆಗೆ. ಟೆಲಿಗ್ರಾಂ 48 ಗಂಟೆ ಕೊಡುತ್ತದೆ. ಸಿಗ್ನಲ್ 24 ಗಂಟೆ, ಹತ್ತು ಸಲ. ಕಾಗುಣಿತ ತಿದ್ದಲು, ಗಂಟೆ ತಪ್ಪಾಗಿ ಬರೆದದ್ದನ್ನು ಸರಿಮಾಡಲು ಎಲ್ಲವೂ ಚೆನ್ನ.

ತಮಾಷೆಗೆ ಮಾತ್ರ ಇದು ಕೆಟ್ಟ ಸಾಧನ. ಸಿಗ್ನಲ್ ಮತ್ತು ಐಮೆಸೇಜ್ ಹಳೆಯ ಆವೃತ್ತಿಯನ್ನು ಇಟ್ಟುಕೊಂಡಿರುತ್ತವೆ, "ಎಡಿಟೆಡ್" ಎಂಬುದನ್ನು ಮುಟ್ಟಿದರೆ ಮೊದಲು ಏನಿತ್ತು ಎಂದು ಯಾರಾದರೂ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಹಳೆಯದು ಕಾಣುವುದಿಲ್ಲ, ಅಲ್ಲಿನ ತೊಂದರೆ ಬೇರೆ. "ಒಂದು ಕಂಪನಿ ಬಚಾವಾಯ್ತು" ಎಂಬುದನ್ನು ಹತ್ತು ನಿಮಿಷದ ಮೇಲೆ "ಬೇಜಾರಾಗಬೇಡ, ಮುಂದಿನದು ಆಗುತ್ತೆ" ಎಂದು ತಿದ್ದಿದರೆ ಆಗ ಕೆಳಗಿರುವ ನಗುವ ಮುಖಗಳೆಲ್ಲ ಸಾಂತ್ವನದ ಮಾತಿಗೆ ನಕ್ಕಂತೆ ಕಾಣುತ್ತವೆ. ನಕ್ಕವರಿಗೂ ಮುಜುಗರ, ಅವಳಿಗಂತೂ ಎರಡನೇ ಪೆಟ್ಟು. ಮೇಲಾಗಿ ತಿದ್ದಿದ್ದಕ್ಕೆ ಹೊಸ ನೋಟಿಫಿಕೇಶನ್ ಹೋಗುವುದಿಲ್ಲ. ಬೇಜಾರಾದವಳು ಗ್ರೂಪನ್ನು ಮತ್ತೆ ತೆರೆಯದಿದ್ದರೆ ತಿದ್ದಿದ ಮಾತು ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಸ್ಟಿಕ್ಕರ್, ಜಿಫ್‌ಗಳನ್ನು ತಿದ್ದಲು ಬರುವುದಿಲ್ಲ ಎಂಬುದು ಬೇರೆ ಮಾತು.

ರಿಯಾಕ್ಷನ್ ಬಗ್ಗೆ ಎರಡು ಮಾತು. ವಾಟ್ಸ್‌ಆ್ಯಪ್‌ಗೆ ಇದು ಬಂದದ್ದು 2022ರ ಮೇನಲ್ಲಿ, ಆರು ಮುಖಗಳೊಂದಿಗೆ: ಹೆಬ್ಬೆರಳು, ಹೃದಯ, ಕಣ್ಣೀರು ಬರುವಂತೆ ನಗುವ ಮುಖ, ಬಾಯಿಬಿಟ್ಟ ಮುಖ, ಅಳುವ ಮುಖ, ಮುಗಿದ ಕೈ. ನಗುವ ಮುಖಕ್ಕೂ ಅಳುವ ಮುಖಕ್ಕೂ ನಡುವೆ ಒಂದೇ ಮುಖದ ಅಂತರ. ಚಿಕ್ಕ ಗಾತ್ರದಲ್ಲಿ ಎರಡರಲ್ಲೂ ಕಣ್ಣೀರೇ ಕಾಣುತ್ತದೆ. ಕನ್ನಡಕ ಇಲ್ಲದ ಗೆಳೆಯ ಸಾವಿನ ಸುದ್ದಿಗೆ ನಗುವುದು ಹೀಗೆ. ತಪ್ಪಿ ಒತ್ತಿದ್ದಾದರೆ ಕೂಡಲೇ ಮತ್ತೆ ಮುಟ್ಟಿ ತೆಗೆಯಬಹುದು, ಅಷ್ಟರಲ್ಲಿ ಅವರು ನೋಡಿರಲೂಬಹುದು. ಕಷ್ಟದ ಸುದ್ದಿಗೆ ಮುಖ ಒತ್ತದೆ ಎರಡು ಶಬ್ದ ಬರೆಯುವುದು ಎಲ್ಲಕ್ಕಿಂತ ಸುರಕ್ಷಿತ.

ತಾನಾಗಿ ಮಾಯವಾಗುವ ಮೆಸೇಜುಗಳು ಈ ವಿಷಯದಲ್ಲಿ ನಿರುಪಯೋಗಿ. 24 ಗಂಟೆ, 7 ದಿನ, 90 ದಿನ ಎಂಬ ಗಡುವುಗಳು ನೋವಿಗೆ ಗೊತ್ತಿರುವುದಿಲ್ಲ.

ಅಕ್ಷರದಲ್ಲಿ ಧಾಟಿ ಏಕೆ ದಾಟುವುದಿಲ್ಲ

ಈ ಬಟನ್‌ಗಳೆಲ್ಲ ಏಕೆ ಸೋಲುತ್ತವೆ ಎಂಬುದಕ್ಕೆ ಕಾರಣ ತಂತ್ರಾಂಶದಲ್ಲಿಲ್ಲ, ಓದುವ ಬಗೆಯಲ್ಲಿದೆ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿ, ಕೆಲವನ್ನು ನೇರವಾಗಿ ಇಮೇಲ್‌ನಲ್ಲೂ ದನಿಯಲ್ಲೂ ಕಳಿಸಿದರು. ಕಳಿಸಿದವರ ಅಂದಾಜು, ಸುಮಾರು 78 ಶೇಕಡಾ ಸಲ ಎದುರಿನವರಿಗೆ ಧಾಟಿ ಗೊತ್ತಾಗುತ್ತದೆ ಎಂದು. ದನಿಯಲ್ಲಿ ಕೇಳಿದವರು ಸುಮಾರು 73 ಶೇಕಡಾ ಸರಿಯಾಗಿ ಹೇಳಿದರು. ಇಮೇಲ್ ಓದಿದವರು 56 ಶೇಕಡಾ. ಕಣ್ಣುಮುಚ್ಚಿ ಊಹಿಸಿದರೂ 50 ಬರುತ್ತದೆ. ಬರೆಯುವವನ ತಲೆಯಲ್ಲಿ ತನ್ನದೇ ದನಿ ಕೇಳಿಸುತ್ತಿರುತ್ತದೆ, ಅದು ಅಕ್ಷರದ ಜೊತೆ ಹೋಗುವುದಿಲ್ಲ.

ಹಾಗಾದರೆ ಕೊನೆಯಲ್ಲೊಂದು ನಗುಮುಖ ಹಾಕಿದರಾಯಿತಲ್ಲ? ಆ ಉಪಾಯ ಹಳೆಯದೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲಿಫ್ಟಿನೊಳಗೆ ಪಾದರಸ ಚೆಲ್ಲಿದೆ ಎಂಬ ಅರ್ಥ ಕೊಡುವ ತಮಾಷೆಯೊಂದನ್ನು ಕೆಲವರು ನಿಜವೆಂದು ನಂಬಿದ ಮೇಲೆ, 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ, ತಮಾಷೆಯ ಮಾತಿಗೆ :-) ಎಂಬ ಗುರುತು ಹಾಕೋಣ ಎಂದು ಸೂಚಿಸಿದರು. ಇದು ನಿಜವಲ್ಲ ಎಂದು ತಿಳಿಸುವುದಕ್ಕೆ ಆ ಗುರುತು ಸಾಕು. ಚುಚ್ಚುವ ಮಾತಿಗೆ ಮಾತ್ರ ಸಾಲದು. "ಕಂಪನಿ ಬಚಾವಾಯ್ತು" ಎಂಬುದು ತಮಾಷೆಯೆಂದು ಅವಳಿಗೂ ಗೊತ್ತು. ತನ್ನ ಸೋಲನ್ನೇ ಎತ್ತಿಕೊಂಡದ್ದು ಏಕೆ ಎಂಬುದು ಅವಳ ಪ್ರಶ್ನೆ, ಅದಕ್ಕೆ ನಗುಮುಖದಲ್ಲಿ ಉತ್ತರವಿಲ್ಲ. ಕ್ರೂಗರ್ ಅವರದೇ 2006ರ ಇನ್ನೊಂದು ಅಧ್ಯಯನ ಇದೇ ಕಡೆ ಬೆರಳು ತೋರುತ್ತದೆ: ರೇಗಿಸುವವರು ತಮ್ಮ ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ರೇಗಿಸಿಕೊಂಡವರಿಗೆ ಆ ಉದ್ದೇಶ ಅಷ್ಟಾಗಿ ಕಾಣುವುದಿಲ್ಲ.

ತಡೆದು ಕಳಿಸುವ ಸೌಲಭ್ಯಗಳು: ಇಲ್ಲಿದೆ ಸರಕು

ಜಿಮೇಲ್‌ನ "ಅನ್‌ಡೂ ಸೆಂಡ್" ಹೆಸರಿಗೆ ವಾಪಸ್ ಕರೆಸುವುದು, ಒಳಗೆ ಬೇರೆಯೇ. ಕಳಿಸು ಎಂದು ಒತ್ತಿದ ಮೇಲೂ ಅದು ಇಮೇಲನ್ನು ತನ್ನಲ್ಲೇ ಹಿಡಿದಿರುತ್ತದೆ. ಸುಮ್ಮನೆ ಬಿಟ್ಟರೆ 5 ಸೆಕೆಂಡು. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು "ಜನರಲ್" ವಿಭಾಗದಲ್ಲಿ ಅದನ್ನು 10, 20 ಅಥವಾ 30ಕ್ಕೆ ಏರಿಸಬಹುದು, ಕೊನೆಯಲ್ಲಿ "ಸೇವ್ ಚೇಂಜಸ್" ಒತ್ತಲು ಮರೆಯಬಾರದು. 30ಕ್ಕೆ ಇಟ್ಟುಕೊಳ್ಳಿ. ಕೊಂಕು ಮಾತು ಬರೆದ ಖುಷಿ ಇಳಿಯಲು ಅರ್ಧ ನಿಮಿಷ ಬಹಳ ಸಲ ಸಾಕಾಗುತ್ತದೆ. ಎದುರಿನವರಿಗೆ ಏನೂ ತಲುಪಿರುವುದಿಲ್ಲ, ಬೂದು ಸಾಲಿಲ್ಲ, ಕುರುಹಿಲ್ಲ. 5ಕ್ಕೆ 4. ಆಫೀಸಿನಲ್ಲಿ ಔಟ್‌ಲುಕ್ ಬಳಸುವವರು ಹಳೆಯ "ಕ್ಲಾಸಿಕ್" ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಒಂದು ರೂಲ್ ಬರೆದು ಹೋಗುವ ಮೇಲುಗಳನ್ನೆಲ್ಲ 120 ನಿಮಿಷದವರೆಗೂ ತಡೆಹಿಡಿಯಬಹುದು. ಎರಡು ನಿಮಿಷ ಇಟ್ಟರೂ ಸಹೋದ್ಯೋಗಿಯ ಕಾಲೆಳೆಯುವ ಮೇಲುಗಳಲ್ಲಿ ಅರ್ಧದಷ್ಟು ಹೊರಗೆ ಹೋಗುವುದಿಲ್ಲವೆಂಬುದು ನಮ್ಮ ಅಂದಾಜು.

ಟೆಲಿಗ್ರಾಂನಲ್ಲಿ 2019ರಿಂದ "ಶೆಡ್ಯೂಲ್ ಮೆಸೇಜ್" ಇದೆ. ಕಳಿಸುವ ಬಾಣವನ್ನು ಮುಟ್ಟಿ ಬಿಡದೆ ಒತ್ತಿ ಹಿಡಿದರೆ ಆಯ್ಕೆ ಬರುತ್ತದೆ. ನಾಳೆ ಬೆಳಿಗ್ಗೆ ಎಂದು ಹೊತ್ತು ಕೊಟ್ಟುಬಿಡಿ. ಅಲ್ಲಿಯವರೆಗೆ ಅದು ಬೇರೆ ಪಟ್ಟಿಯಲ್ಲಿ ಕೂತಿರುತ್ತದೆ, ತಿದ್ದಬಹುದು, ತೆಗೆಯಬಹುದು. ಒಂದು ಎಚ್ಚರಿಕೆ: ಹೊತ್ತು ಕೊಟ್ಟು ಮರೆತರೆ ಅದು ತಾನಾಗಿ ಹೋಗಿಬಿಡುತ್ತದೆ, ಅಷ್ಟರಲ್ಲಿ ಗೆಳೆಯನ ಪರಿಸ್ಥಿತಿ ಇನ್ನೂ ಬಿಗಡಾಯಿಸಿರಬಹುದು. ಹಾಗಾಗಿ ಇದಕ್ಕೆ 3.5.

ಎಲ್ಲಕ್ಕಿಂತ ಹೆಚ್ಚು ಅಂಕ ಪಡೆಯುವುದು ಯಾರೂ ಈ ಕೆಲಸಕ್ಕೆಂದು ಮಾಡದಿದ್ದ ಸೌಲಭ್ಯ: ವಾಟ್ಸ್‌ಆ್ಯಪ್ 2022ರ ನವೆಂಬರ್‌ನಲ್ಲಿ ತಂದ "ಮೆಸೇಜ್ ಯುವರ್‌ಸೆಲ್ಫ್". ಸಾಮಾನು ಪಟ್ಟಿ, ಲಿಂಕು ಇಟ್ಟುಕೊಳ್ಳಲು ಜನ ಇದನ್ನು ಬಳಸುತ್ತಾರೆ. ನಾಲಿಗೆ ತುದಿಗೆ ಬಂದ ಚಟಾಕಿಯನ್ನು ಮೊದಲು ಅಲ್ಲಿಗೆ ಕಳಿಸಿ. ತುರಿಕೆ ಇಳಿಯುವುದು ಬರೆದು ಕಳಿಸಿದ್ದರಿಂದಲೇ, ಯಾರಿಗೆ ಹೋಯಿತು ಎಂಬುದರಿಂದಲ್ಲ. ಒಂದು ಗಂಟೆ ಬಿಟ್ಟು ಅದನ್ನು ಬೇರೆಯವರು ನಮಗೆ ಕಳಿಸಿದ ಮೆಸೇಜ್ ಎಂದುಕೊಂಡು ಓದಿ. ಇನ್ನೂ ನಗು ಬಂದರೆ ಕಾಪಿ ಮಾಡಿ ಕಳಿಸಿ. ಬಹುಪಾಲು ಅಲ್ಲೇ ಉಳಿಯುತ್ತವೆ. 5ಕ್ಕೆ 4.5. ಅರ್ಧ ಅಂಕ ಕಡಿಮೆಯಾದದ್ದು ಬೆರಳಿನಿಂದಾಗಿ: ಅವಸರದಲ್ಲಿ ಪಕ್ಕದ ಚಾಟಿಗೆ ಹೋಗಬಹುದು. ಈ ಚಾಟನ್ನು ಪಿನ್ ಮಾಡಿ ಪಟ್ಟಿಯ ಮೇಲಿಟ್ಟುಕೊಂಡರೆ ಆ ಅಪಾಯವೂ ಕಡಿಮೆ.

ಆ ಒಂದು ಗಂಟೆಯಲ್ಲಿ ಜರಡಿ ಹಿಡಿಯುವುದು ಹೇಗೆ ಎಂದರೆ ನೋಡಬೇಕಾದದ್ದು ಎರಡೇ. ತಮಾಷೆಯ ಸರಕು ಅವರೇ ನಂಬಿ ಹೇಳಿದ್ದೋ? ಸೋಲು, ಕಾಯಿಲೆ, ಸಾಲ, ಮುರಿದ ಸಂಬಂಧ, ಮೈಬಣ್ಣ, ತೂಕ, ಇವು ಯಾವತ್ತೂ ಗ್ರೂಪಿಗೆ ಬೇಡ, ಅವರು ತಾವೇ ತಮ್ಮ ಮೇಲೆ ನಕ್ಕಿದ್ದರೂ ಬೇಡ. ತನ್ನನ್ನು ತಾನು ಆಡಿಕೊಳ್ಳುವವನು ಉಳಿದವರಿಗೆ ಲೈಸೆನ್ಸ್ ಕೊಟ್ಟಿರುವುದಿಲ್ಲ. ಎರಡನೆಯದು, ನೋಡುವವರು ಎಷ್ಟು ಜನ? ಇಬ್ಬರೇ ಇದ್ದಾಗ ಆಡಿದರೆ ಸಲಿಗೆ ಎನಿಸುವ ಮಾತು ಮೂವತ್ತು ಜನರ ಮುಂದೆ ನಗೆಪಾಟಲು. ಸಂದೇಹ ಬಂದರೆ ಗ್ರೂಪು ಬಿಟ್ಟು ಅವರ ಚಾಟಿಗೆ ಹೋಗಿ. ಅದಕ್ಕೂ ಕೈ ಬರದಿದ್ದರೆ ಆ ತಮಾಷೆಯ ಯೋಗ್ಯತೆ ಗೊತ್ತಾಯಿತಲ್ಲ.

ನಿಜಕ್ಕೂ ಕಳಿಸಲೇಬೇಕಾದ, ಧಾಟಿಯ ಮೇಲೆ ನಿಂತ ತಮಾಷೆಯಾದರೆ ವಾಯ್ಸ್ ನೋಟ್ ಒಳ್ಳೆಯದು. ಮೇಲಿನ ಪ್ರಯೋಗದ 73 ಮತ್ತು 56ರ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೈಕನ್ನು ಮೇಲಕ್ಕೆ ಸರಿಸಿ ಲಾಕ್ ಮಾಡಿದರೆ ಕಳಿಸುವ ಮೊದಲು ನಮ್ಮದೇ ದನಿ ಕೇಳಿಕೊಳ್ಳಬಹುದು. ಅದರಲ್ಲಿ ಪ್ರೀತಿಗಿಂತ ಹೆಚ್ಚು ಜಂಬ ಕೇಳಿಸಿದರೆ ಬುಟ್ಟಿಗೆ ಹಾಕಿ.

ಆಗಿಹೋದದ್ದಕ್ಕೆ

ಇಷ್ಟಾದರೂ ಎಡವುವುದು ಇದ್ದದ್ದೇ. ಆಗ ಆ್ಯಪಿನಲ್ಲಿ ಉಪಯೋಗಕ್ಕೆ ಬರುವ ಬಟನ್ ಕರೆಯ ಬಟನ್. ಎತ್ತದಿದ್ದರೆ ಒಂದು ಸಲಕ್ಕೆ ನಿಲ್ಲಿಸಿ ಬೇರೆಯಾಗಿ ಬರೆಯಿರಿ. ಬರೆಯುವಾಗ ಕೆಡಿಸುವ ಮಾತುಗಳು ಹೆಚ್ಚುಕಡಿಮೆ ಎಲ್ಲರವೂ ಒಂದೇ: "ಸುಮ್ನೆ ತಮಾಷೆಗೆ ಅಂದಿದ್ದು", "ನಿನಗೆ ಬೇಜಾರಾಗಿದ್ರೆ ಸಾರಿ", "ಇಷ್ಟಕ್ಕೆಲ್ಲ ಯಾಕೆ ತಲೆಕೆಡಿಸ್ಕೋತೀಯ". ಮೊದಲನೆಯದು ವಕಾಲತ್ತು, ಎರಡನೆಯದು ತಪ್ಪನ್ನು ಅವಳ ಬೇಜಾರಿನ ಮೇಲೆ ಹೊರಿಸುತ್ತದೆ, ಮೂರನೆಯದು ಹೊಸ ಜಗಳ. ಆಡಿದ್ದನ್ನು ಹೆಸರಿಸಿ ಹೇಳಬೇಕು: "ನಿನ್ನ ಇಂಟರ್‌ವ್ಯೂ ವಿಷಯ ಎಲ್ಲರ ಮುಂದೆ ಹಾಗೆ ಆಡಬಾರದಿತ್ತು ಕಣೇ, ತಪ್ಪಾಯ್ತು." ಅಷ್ಟೇ. ಕೆಳಗೆ ಸ್ಟಿಕ್ಕರ್ ಬೇಡ, ವಾತಾವರಣ ತಿಳಿಮಾಡಲು ಇನ್ನೊಂದು ಚಟಾಕಿಯಂತೂ ಬೇಡವೇ ಬೇಡ.

ಆಮೇಲೆ ಗ್ರೂಪಿನಲ್ಲೂ ಒಂದು ಸಾಲು, ಏಕೆಂದರೆ ಮಾತು ಬಿದ್ದದ್ದು ಅಲ್ಲಿ. "ನಾನು ಹಾಗೆ ಅಂದಿದ್ದು ಸರಿಯಿರಲಿಲ್ಲ" ಎಂದಿಟ್ಟು ತಮಾಷೆಯನ್ನು ತೆಗೆಯಿರಿ. ಬೂದು ಸಾಲು ಉಳಿದರೂ ಈಗ ಅದಕ್ಕೆ ವಿವರಣೆ ಕೆಳಗೇ ಇದೆ. ಅವಳನ್ನು ಅಲ್ಲಿ ಟ್ಯಾಗ್ ಮಾಡಬೇಡಿ. ಟ್ಯಾಗ್ ಮಾಡಿದರೆ ಎಲ್ಲರ ಮುಂದೆ "ಪರವಾಗಿಲ್ಲ ಬಿಡೋ" ಎನ್ನುವ ಹೊರೆ ಅವಳ ಮೇಲೆ ಬೀಳುತ್ತದೆ.

ಬರೆದದ್ದರ ಮೇಲೆ ನೀಲಿ ಗೆರೆ ಬಂದು ಉತ್ತರ ಬರದಿದ್ದರೆ ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಡಿ, "ಇನ್ನೂ ಕೋಪಾನಾ?" ಎಂದು ಕೇಳಬೇಡಿ, ಸ್ಟೇಟಸ್‌ನಲ್ಲಿ ಗೆಳೆತನದ ಬಗ್ಗೆ ಏನನ್ನೂ ಏರಿಸಬೇಡಿ. ಒಂದೆರಡು ದಿನ ಹಾಗೇ ಬಿಟ್ಟು ಮಾಮೂಲಿ ಕೆಲಸದ ವಿಷಯವೊಂದನ್ನು ಕೇಳಿ, ಉತ್ತರ ಚುಟುಕಾಗಿ ಬಂದರೂ ಅದನ್ನೇ ಹಿಡಿದು ಮುಂದುವರಿಯಿರಿ.